ಒಲ್ಲೆನೆಂದ ಕಾರು

ಪೆಟ್ರೋಲ್ ಕಾರು ಕೆಡುತ್ತದೆ. ವಿದ್ಯುತ್ ಕಾರು ಒಲ್ಲೆನೆನ್ನುತ್ತದೆ. ಕೆಟ್ಟು ನಿಂತ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿದರೆ ಹೊಗೆಯೋ, ಸೋರಿದ ಎಣ್ಣೆಯೋ, ಸುಟ್ಟ ರಬ್ಬರಿನ ವಾಸನೆಯೋ ಏನಾದರೊಂದು ಸಾಕ್ಷಿ ದೊರೆಯುತ್ತದೆ. ಚಾರ್ಜ್ ಆಗದ ವಿದ್ಯುತ್ ಕಾರಿನ ಬಗೆ ಬೇರೆ. ಗೋಡೆಯ ಸಾಕೆಟ್ಟಿನಲ್ಲಿ ಕರೆಂಟು ಇರುತ್ತದೆ, ಕೇಬಲ್ಲು ಬಿಗಿಯಾಗಿ ಕುಳಿತಿರುತ್ತದೆ, ಕಾರು ಆಗತಾನೇ ಓಡಿ ಬಂದಿರುತ್ತದೆ. ಆದರೂ ಅದು ಒಂದು ಕೆಂಪು ದೀಪವನ್ನು ಮಿಣುಕಿಸಿ ಸುಮ್ಮನಾಗುತ್ತದೆ. ಕನ್ನಡದ ಹಳೆಯ ನಿಷೇಧಕ್ರಿಯಾರೂಪಗಳಲ್ಲಿ ಇಂದಿಗೂ ಜನರ ಬಾಯಲ್ಲಿ ಉಳಿದಿರುವ 'ಒಲ್ಲೆ'ಯೇ ಈ ವರ್ತನೆಗೆ ಸರಿಯಾದ ಮಾತು. ಅದರಲ್ಲಿ 'ಆಗದು' ಎಂಬುದಕ್ಕಿಂತ 'ಮನಸ್ಸಿಲ್ಲ' ಎಂಬ ಅರ್ಥವೇ ಮುಂದು. ತೆಲುಗಿನಲ್ಲಿಯೂ ಇದರ ಒಡಹುಟ್ಟಾದ 'ಒಲ್ಲನು' ಇದೆ. ಮರಾಠಿಯ 'ನಕೋ' ಬೇಡವೆಂಬುದನ್ನು ಮಾತ್ರ ಹೇಳುತ್ತದೆ. ಒಲ್ಲದವನ ಮುಖದ ಬಿಗುವು ಅದರಲ್ಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಒಲ್ಲೆನೆಂದವರನ್ನು ಮಾತ್ರ ಕಾರಣ ಕೇಳಬೇಕಾಗುತ್ತದೆ.

ವಿದ್ಯುತ್ ಕಾರು ಕನ್ನಡನಾಡಿಗೆ ಹೊಸದೇನೂ ಅಲ್ಲ. ಚೇತನ್ ಮೈನಿಯವರ ರೇವಾ ಬೆಂಗಳೂರಿನ ರಸ್ತೆಗಿಳಿದದ್ದು 2001ರಲ್ಲಿ. ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್, ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಓಟ. ಮನೆಯ 15 ಆಂಪಿಯರಿನ ಸಾಕೆಟ್ಟೇ ಅದರ ಪೆಟ್ರೋಲ್ ಬಂಕು. ಆಗಾಗ ಬ್ಯಾಟರಿಗಳಿಗೆ ಭಟ್ಟಿಯಿಳಿಸಿದ ನೀರು ಹಾಕಬೇಕಿತ್ತು. ಇದೇ ಪುಟ್ಟ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿತು. ಆ ಕಾಲದಲ್ಲಿ ವಿದ್ಯುತ್ ಕಾರೆಂದರೆ ನಗರದ ವಾಹನ; ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಸಂಜೆ ಮನೆಗೆ ಮರಳುವಂಥದು. ಈಗ ಲಿಥಿಯಂ ಬ್ಯಾಟರಿ ಬಂದು ಓಟ ಹೆಚ್ಚಿದೆ, ಹಬ್ಬಕ್ಕೆ ಊರಿಗೆ ಬರುವ ಮಕ್ಕಳೊಡನೆ ಕಾರೂ ಊರಿಗೆ ಬರತೊಡಗಿದೆ. ಅದು ಒಲ್ಲೆನೆನ್ನುವುದನ್ನು ಕಲಿತದ್ದು ಊರಿಗೆ ಬಂದ ಮೇಲೆಯೇ.

ಅಂಥ ಊರುಗಳಲ್ಲಿ ಕುಂದುರ್ಪಿ ಒಂದು. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ಕಲ್ಯಾಣದುರ್ಗದ ಸೀಮೆಗೆ ಸೇರಿದ, ಕರ್ನಾಟಕದ ಗಡಿಗೆ ಅಂಟಿಕೊಂಡ ಮಂಡಲ ಕೇಂದ್ರವಿದು. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಕಡಲೆಕಾಯಿಯ ಹೊಲ. ಹಲವು ಮನೆಗಳ ಮಾತು ಕನ್ನಡ, ಶಾಲೆಯ ಮತ್ತು ಕಚೇರಿಯ ಮಾತು ತೆಲುಗು. ಸಂತೆಯಲ್ಲಿ ಯಾವುದು ಮೊದಲು ಬಾಯಿಗೆ ಬಂದರೆ ಅದು. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಜಿಲ್ಲೆ ಇದು. ಆ ಮಳೆಯೂ ಹೇಳಿದ ಹೊತ್ತಿಗೆ ಬರುವುದಿಲ್ಲ.

ಸುತ್ತಮುತ್ತಲೂ ವಿದ್ಯುತ್ತಿಗೆ ಬರಗಾಲವೇನಿಲ್ಲ. ಗಡಿಯಾಚೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರುಗಳ ಬಯಲಿನಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿಕೊಂಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಅನಂತಪುರ ಜಿಲ್ಲೆಯ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಿಳಿಯ ಕೈಗಳನ್ನು ತಿರುಗಿಸುತ್ತಿವೆ. ಹಿಂದೂಪುರದತ್ತ ಹೋಗುವ ಹಾದಿಯ ಪೆನುಕೊಂಡದ ಬಳಿ, ಎರ್ರಮಂಚಿಯಲ್ಲಿ, ಕಿಯಾ ಕಂಪನಿಯ ಕಾರ್ಖಾನೆಯಿದೆ. 2019ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿಂದ 2025ರಲ್ಲಿ ಕ್ಯಾರೆನ್ಸ್ ಕ್ಲಾವಿಸ್ ಎಂಬ ವಿದ್ಯುತ್ ಕಾರೂ ಹೊರಬಂದಿತು. ಹೀಗೆ ಬಿಸಿಲಿನಿಂದ ಕರೆಂಟು ಮಾಡುವವರು ಒಂದು ಕಡೆ, ಕಾರು ಮಾಡುವವರು ಇನ್ನೊಂದು ಕಡೆ. ಇವೆರಡರ ನಡುವಿನ ಹಳ್ಳಿಮನೆಯ ಪಡಸಾಲೆಯಲ್ಲಿ ಒಂದು ಮೂರು ಪಿನ್ನಿನ ಸಾಕೆಟ್ಟು. ಕಥೆ ಇರುವುದು ಅದರಲ್ಲಿ.

ಇಂಥ ಒಂದು ಮನೆಯನ್ನು ಎಣಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಶನಿವಾರ ಮಧ್ಯಾಹ್ನ ಕಾರು ತಂದಿದ್ದಾನೆ. ಸೋಮವಾರ ಬೆಳಿಗ್ಗೆ ತಂದೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಬೆಂಗಳೂರಿನ ಆಸ್ಪತ್ರೆಯಲ್ಲಿ, ಭಾನುವಾರ ಹೊರಡಲೇಬೇಕು. ದಾರಿ ಸುಮಾರು 200 ಕಿಲೋಮೀಟರ್. ಕಾರಿನ ಬ್ಯಾಟರಿ 30 ಯೂನಿಟ್ಟಿನದು, ಉಳಿದಿರುವ ಚಾರ್ಜು ಶೇಕಡಾ 22. ಅದರಲ್ಲಿ ಪೆನುಕೊಂಡದ ಬಳಿಯ ರಾಷ್ಟ್ರೀಯ ಹೆದ್ದಾರಿಯನ್ನೂ ಮುಟ್ಟಲಾಗದು. ಮಗ ಕೇಬಲ್ಲನ್ನು ಸಾಕೆಟ್ಟಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಗನ್ನನ್ನು ಕಾರಿಗೆ ಕೂಡಿಸುತ್ತಾನೆ. ಕೇಬಲ್ಲಿನ ನಡುವೆ ಇಟ್ಟಿಗೆಯಷ್ಟು ದೊಡ್ಡ ಒಂದು ಕರಿಯ ಪೆಟ್ಟಿಗೆ. ಅದರ ಮೇಲೆ ಕೆಂಪು ದೀಪ.

ಓದು ಬಲ್ಲವರು ಮೊದಲು ಮಾಡುವುದನ್ನೆಲ್ಲ ಅವನೂ ಮಾಡುತ್ತಾನೆ. ಫೋನಿನ ಆ್ಯಪಿನಲ್ಲಿ ಚಾರ್ಜಿಂಗಿಗೆ ರಾತ್ರಿಯ ವೇಳೆಯನ್ನೇನಾದರೂ ಗೊತ್ತುಮಾಡಿದೆಯೇ ಎಂದು ನೋಡುತ್ತಾನೆ, ಇಲ್ಲ. ಇಂತಿಷ್ಟಕ್ಕೆ ನಿಲ್ಲಿಸು ಎಂಬ ಮಿತಿಯಿದೆಯೇ? ಇದೆ, 80, ಈಗಿರುವುದು 22. ಗನ್ನಿನ ಪಿನ್ನುಗಳಲ್ಲಿ ಧೂಳೇನಾದರೂ ಕುಳಿತಿದೆಯೇ ಎಂದು ಊದುತ್ತಾನೆ. ಕಾರನ್ನು ಆರಿಸಿ, ಬೀಗ ಹಾಕಿ, ತೆರೆದು, ಮತ್ತೆ ಹೊತ್ತಿಸುತ್ತಾನೆ. ವಿದ್ಯುತ್ ಕಾರಿನಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ ಕಾರಿಗೆ ಎಚ್ಚರವೇ ಆಗುವುದಿಲ್ಲ. ಮನೆ ತುಂಬ ಧಾನ್ಯವಿದ್ದು ಕಣಜದ ಬೀಗದ ಕೈ ಕಳೆದಂತೆ. ಆದರೆ ಇಲ್ಲಿ ಕಾರಿನ ಪರದೆ, ದೀಪ, ಹಾರನ್ನು ಎಲ್ಲವೂ ನೆಟ್ಟಗಿವೆ. ಮೊಬೈಲಿನ ಚಾರ್ಜರನ್ನು ಅದೇ ಸಾಕೆಟ್ಟಿಗೆ ಹಾಕಿದರೆ ಮೊಬೈಲು ಚಾರ್ಜ್ ಆಗುತ್ತದೆ. ಮಿಕ್ಸಿ ಹಾಕಿದರೆ ಮಿಕ್ಸಿ ತಿರುಗುತ್ತದೆ. ಹಾಗಾದರೆ ದೋಷ ಕಾರಿನದೇ ಎಂದು ಮನೆಯವರೆಲ್ಲರ ತೀರ್ಮಾನ.

ಇದು ಬಹು ಮಂದಿ ಎಡವುವ ಜಾಗ. ಮಿಕ್ಸಿಗೂ ಮೊಬೈಲಿಗೂ ಎರಡು ತಂತಿ ಸಾಕು: ಕರೆಂಟು ತರುವ ಫೇಸು, ಅದನ್ನು ಮರಳಿ ಒಯ್ಯುವ ನ್ಯೂಟ್ರಲ್. ಸಾಕೆಟ್ಟಿನ ಮೇಲ್ಭಾಗದ ದೊಡ್ಡ ರಂಧ್ರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅವು ವಿಚಾರಿಸುವುದೇ ಇಲ್ಲ. ಕಾರು ಮೊದಲು ವಿಚಾರಿಸುವುದೇ ಅದನ್ನು.

ಕಾರಿನ ಗನ್ನಿನಲ್ಲಿ ಏಳು ಪಿನ್ನುಗಳಿವೆ. ಐದು ದಪ್ಪನೆಯವು, ವಿದ್ಯುತ್ತಿಗೂ ನೆಲಕ್ಕೂ ಸಂಬಂಧಿಸಿದವು. ಎರಡು ಸಣ್ಣವು, ಮಾತಿಗಾಗಿ ಇರುವಂಥವು. ಗನ್ನು ಸರಿಯಾಗಿ ಕುಳಿತಿದೆಯೇ ಎಂಬುದನ್ನು ಆ ಎರಡರಲ್ಲಿ ಒಂದು ತಿಳಿಸುತ್ತದೆ. ಇನ್ನೊಂದಕ್ಕೆ ಪೈಲಟ್ ಎಂದು ಹೆಸರು. ಪೆಟ್ಟಿಗೆ ಆ ಪೈಲಟ್ ತಂತಿಯ ಮೇಲೆ 12 ವೋಲ್ಟ್ ಇಟ್ಟು ಕಾಯುತ್ತದೆ. ಕಾರು ಕೂಡಿದ ಕೂಡಲೆ ಅದು 9ಕ್ಕಿಳಿಯುತ್ತದೆ: ಯಾರೋ ಬಂದಿದ್ದಾರೆ. ಆಗ ಪೆಟ್ಟಿಗೆ ಸೆಕೆಂಡಿಗೆ ಸಾವಿರ ಬಾರಿ ಏರಿಳಿಯುವ ಅಲೆಯೊಂದನ್ನು ಕಳಿಸತೊಡಗುತ್ತದೆ. ತಾನು ಎಷ್ಟು ಕೊಡಬಲ್ಲೆನೆಂಬುದನ್ನು ಅದು ಹೇಳುವುದು ಆ ಅಲೆಯಲ್ಲಿಯೇ. ಅಲೆ ಮೇಲೆ ನಿಲ್ಲುವ ಕಾಲ ಒಟ್ಟು ಕಾಲದ ಶೇಕಡಾ 10 ಆದರೆ 6 ಆಂಪಿಯರ್, ಶೇಕಡಾ 25 ಆದರೆ 15 ಆಂಪಿಯರ್. ಛಂದಸ್ಸು ಓದುವ ವಿದ್ಯಾರ್ಥಿಗಳಿಗೆ ಈ ಬಗೆ ಅಪರಿಚಿತವಾಗಲಾರದು. ಇಲ್ಲಿಯೂ ಲೆಕ್ಕಕ್ಕೆ ಬರುವುದು ದನಿಯ ಎತ್ತರವಲ್ಲ, ಅದು ಹಿಡಿಯುವ ಕಾಲ. ಕಾರು ಆ ಮಾತ್ರೆಗಳನ್ನೆಣಿಸಿ, ಒಪ್ಪಿಗೆಯಾದರೆ ತನ್ನೊಳಗಿನ ಒಂದು ಸ್ವಿಚ್ಚನ್ನು ಮುಚ್ಚಿ ವೋಲ್ಟೇಜನ್ನು 6ಕ್ಕೆ ಇಳಿಸುತ್ತದೆ: ಸಿದ್ಧ. ಆಮೇಲೆಯೇ ಪೆಟ್ಟಿಗೆಯೊಳಗೆ 'ಟಕ್' ಎಂಬ ಸದ್ದು, ಆಮೇಲೆಯೇ ಕರೆಂಟು. ಅಲ್ಲಿಯವರೆಗೆ ಗನ್ನಿನ ದಪ್ಪ ಪಿನ್ನುಗಳಲ್ಲಿ ಏನೂ ಇರುವುದಿಲ್ಲ.

ಈ ಸಂಭಾಷಣೆಯ ಮರುದಾರಿ ಕೂಡ ಅರ್ತಿನ ಪಿನ್ನೇ. ಆದರೆ ಕುಂದುರ್ಪಿಯ ಮನೆಯಲ್ಲಿ ಮಾತು ಅಷ್ಟು ದೂರ ಬಂದಿಲ್ಲ. ಕಾರನ್ನು ಮಾತನಾಡಿಸುವ ಮೊದಲೇ ಪೆಟ್ಟಿಗೆ ಗೋಡೆಯತ್ತ ತಿರುಗಿ ಒಂದು ಪರೀಕ್ಷೆ ನಡೆಸಿದೆ. ಫೇಸಿಗೂ ಅರ್ತಿಗೂ ನಡುವೆ ಇರಬೇಕಾದ 230 ವೋಲ್ಟ್ ಇದೆಯೇ, ಅರ್ತಿನ ತಂತಿಗೆ ನಿಜವಾಗಿ ನೆಲದ ಸಂಪರ್ಕವಿದೆಯೇ? ಉತ್ತರ ಬಂದಿಲ್ಲ. ಫೇಸು ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕಾದ ಸಾಕೆಟ್ಟಿನಲ್ಲಿ ಅವು ಅದಲುಬದಲಾಗಿದ್ದರೂ ಕೆಲವು ಪೆಟ್ಟಿಗೆಗಳು ಇದೇ ದೀಪ ತೋರಿಸುತ್ತವೆ. ಅದನ್ನು ಟೆಸ್ಟರಿನಿಂದ ಒಂದು ಗಳಿಗೆಯಲ್ಲಿ ತಿಳಿಯಬಹುದು. ಇಲ್ಲಿ ಅದಲುಬದಲಾಗಿಲ್ಲ. ಇಲ್ಲದಿರುವುದು ಅರ್ತು.

"ಅರ್ತಿಲ್ಲ ಅಂತ ತೋರಿಸ್ತೈತೆ," ಎಂದು ಮಗ ಪೆಟ್ಟಿಗೆಯ ಬೆನ್ನ ಮೇಲಿನ ಅಕ್ಷರಗಳನ್ನೋದಿ ಹೇಳಿದರೆ, ಒಳಗಿನಿಂದ ಅಜ್ಜಿ, "ಅರ್ಥ ಇಲ್ಲದ್ದು ಎರಡು ಗಂಟೆಯಿಂದ ಮಾಡ್ತಿದೀಯ, ಊಟಕ್ಕೆ ಬಾ" ಎಂದು ಕರೆಯುತ್ತಾಳೆ.

ನೆಲವನ್ನು ಕಾರು ಇಷ್ಟೊಂದು ಬಯಸುವುದೇಕೆ? ಕಾರು ನಿಂತಿರುವುದು ರಬ್ಬರಿನ ಗಾಲಿಗಳ ಮೇಲೆ. ನೆಲದಿಂದ ಬೇರ್ಪಟ್ಟ ದೊಡ್ಡದೊಂದು ಲೋಹದ ಪೆಟ್ಟಿಗೆ ಅದು. ಅದರ ಚಾರ್ಜರಿನೊಳಗಿನ ಕೆಲವು ಸಣ್ಣ ಬಿಡಿಭಾಗಗಳು ಎಲ್ಲ ಸರಿಯಿದ್ದಾಗಲೂ ಒಂದಿಷ್ಟು ವಿದ್ಯುತ್ತನ್ನು ಮೈಗೆ ಬಿಡುತ್ತವೆ. ಅರ್ತು ಇದ್ದರೆ ಅದು ಸದ್ದಿಲ್ಲದೆ ನೆಲಕ್ಕಿಳಿದುಹೋಗುತ್ತದೆ, ಇಲ್ಲದಿದ್ದರೆ ಬಾಗಿಲು ಮುಟ್ಟಿದವರ ಬೆರಳು ಜುಮ್ಮೆನ್ನುತ್ತದೆ. ಒಳಗೆ ತಂತಿಯೇನಾದರೂ ಸುಲಿದು ಫೇಸೇ ಮೈಗೆ ತಗುಲಿದರೆ ಜುಮ್ಮೆನ್ನುವುದಕ್ಕೆ ನಿಲ್ಲುವುದಿಲ್ಲ. ಮನುಷ್ಯನ ಎದೆಯ ಮೂಲಕ 30 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುವುದು ಅಪಾಯ. 100 ವ್ಯಾಟಿನ ಬಲ್ಬು ಉರಿಯಲು ಬೇಕಾದುದರ ಹದಿನಾಲ್ಕನೆಯ ಒಂದು ಪಾಲು ಅದು. ಹಳ್ಳಿಯ ಅಂಗಳದಲ್ಲಿ ಕಾರಿನ ಬಾಗಿಲಿಗೆ ಕೈಯಿಡುವವರು ಶೂಜು ಹಾಕಿರುವುದಿಲ್ಲ. ಬರಿಗಾಲು, ಆಗತಾನೇ ಸಾರಿಸಿದ ಒದ್ದೆ ನೆಲ. ಕಾರಿಗೆ ಆತುಕೊಂಡು ನಿಲ್ಲುವ ಮಕ್ಕಳು ಬೇರೆ.

ಆ ಸೀಮೆಯಲ್ಲಿ ಅರ್ತಿನದು ಹಳೆಯ ತೊಂದರೆ. ಕಂಬದಿಂದ ಮನೆಗೆ ಬರುವುದು ಎರಡೇ ತಂತಿ. ಮೂರನೆಯದನ್ನು ಮನೆಯವರೇ ಅಂಗಳದಲ್ಲಿ ಗುಂಡಿ ತೋಡಿ ಹುಟ್ಟಿಸಿಕೊಳ್ಳಬೇಕು. ಭಾರತೀಯ ಮಾನಕದ ಪ್ರಕಾರ (ಅದರ ಸಂಖ್ಯೆ ಐಎಸ್ 3043) ಎರಡೂವರೆ ಮೀಟರ್ ಉದ್ದದ ಸತುವಿನ ಲೇಪದ ಕಬ್ಬಿಣದ ಪೈಪನ್ನು ನೆಲಕ್ಕಿಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರಗಳನ್ನು ತುಂಬಿ, ಮೇಲಿನ ಬಾಯಿಯಿಂದ ಆಗಾಗ ನೀರು ಹೊಯ್ಯುತ್ತಿರಬೇಕು. ನೀರೇ ಇದರ ಜೀವ. ಒಣಮಣ್ಣು ವಿದ್ಯುತ್ತನ್ನು ಬಿಡುವುದಿಲ್ಲ, ಕಗ್ಗಲ್ಲಂತೂ ಸರಿಯೇ ಸರಿ. ಕುಂದುರ್ಪಿಯ ಸುತ್ತಿನ ನೆಲ ಎರಡು ಮೊಳ ತೋಡಿದರೆ ಗಾರೆ, ಮೂರು ಮೊಳಕ್ಕೆ ಬಂಡೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇದೇ ಸೀಮೆಯಲ್ಲಿದೆ. ಅವರ ಕನ್ನಡ ಶಾಸನಗಳನ್ನು ಸಾವಿರ ವರ್ಷ ಅಕ್ಷರ ಸವೆಯದಂತೆ ಕಾಪಾಡಿದ ಗುಣವೇ, ಅಂದರೆ ಒಳಗೆ ಯಾವುದನ್ನೂ ಬಿಟ್ಟುಕೊಳ್ಳದ ಗುಣವೇ, ವಿದ್ಯುತ್ತಿನ ಪಾಲಿಗೆ ಅಡ್ಡಗೋಡೆ. ಶಾಸನ ಓದುವವರು ಈ ಕಲ್ಲನ್ನು ಹೊಗಳುತ್ತಾರೆ. ಮೋಟರು ಕೂಡಿಸುವವರು ಬೈಯುತ್ತಾರೆ. ಇಬ್ಬರ ಮಾತೂ ನಿಜ.

ಇಷ್ಟೆಲ್ಲ ತಾಪತ್ರಯವಿರುವುದರಿಂದಲೇ ಅಡ್ಡದಾರಿಯೊಂದು ಹುಟ್ಟಿಕೊಂಡಿದೆ. ಎಣಿಸಿಕೊಂಡ ಮನೆಗೆ ಸಂಜೆ ಆರಕ್ಕೆ ಬರುವ ಪಕ್ಕದ ಬೀದಿಯ ಹುಡುಗ, ಮೊಬೈಲ್ ರಿಪೇರಿ ಬಲ್ಲವನು, ಅದನ್ನೇ ಹೇಳುತ್ತಾನೆ. "ಐದು ನಿಮಿಷದ ಕೆಲಸ ಅಣ್ಣಾ. ಸಾಕೆಟ್ ಬಿಚ್ಚಿ ನ್ಯೂಟ್ರಲ್‌ನಿಂದ ಅರ್ತಿಗೆ ಒಂದು ತುಂಡು ವೈರ್ ಹಾಕಿದ್ರೆ ಹಸಿರು ದೀಪ ಬರ್ತೈತೆ." ಅವನು ಹೇಳುವುದು ಸುಳ್ಳಲ್ಲ. ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನ ಬಳಿ ನೆಲಕ್ಕೆ ಸೇರಿರುತ್ತದಾದ್ದರಿಂದ ಪೆಟ್ಟಿಗೆಯ ಪರೀಕ್ಷೆಗೆ ಬೇಕಾದ 230 ವೋಲ್ಟ್ ತೋರಿಬರುತ್ತದೆ. ಅದು ಮೋಸಹೋಗಿ ಹಸಿರು ತೋರಿಸುತ್ತದೆ. ಕಾರು ಚಾರ್ಜ್ ಆಗುತ್ತದೆ. ಒಂದು ರಾತ್ರಿಯಲ್ಲ, ನೂರು ರಾತ್ರಿ ಚಾರ್ಜ್ ಆಗಬಹುದು. ತಂದೆಯ ಕಣ್ಣು, ಗಂಟೆ ಆರು, ಬೆಂಗಳೂರು 200 ಕಿಲೋಮೀಟರ್ ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ಯೋಚಿಸುತ್ತಿರುವ ಮಗನಿಗೆ ಇದಕ್ಕಿಂತ ಇಂಪಾದ ಮಾತು ಬೇರೆಯಿರಲಾರದು. ಅವನು ಸ್ಕ್ರೂಡ್ರೈವರ್ ತರಲು ಒಳಗೆ ಹೋಗುತ್ತಾನೆ.

ನೂರ ಒಂದನೆಯ ರಾತ್ರಿಯದು ಬೇರೆ ಲೆಕ್ಕ. ಕಂಬಕ್ಕೂ ಮನೆಗೂ ನಡುವಿನ ನ್ಯೂಟ್ರಲ್ ತಂತಿ, ಗಾಳಿಗೋ ತುಕ್ಕಿಗೋ ಕೋತಿಯ ಜಗ್ಗಾಟಕ್ಕೋ, ಒಂದು ದಿನ ಕಡಿಯುತ್ತದೆ. ಹಳ್ಳಿಗಳಲ್ಲಿ ಇದು ಅಪರೂಪವಲ್ಲ. ಆಗ ಮನೆಯಲ್ಲಿ ಒಂದು ಫ್ಯಾನಿನ ಸ್ವಿಚ್ಚು ಹಾಕಿದ್ದರೂ ಸಾಕು. ಫೇಸಿನಿಂದ ಬಂದ ಕರೆಂಟು ಫ್ಯಾನನ್ನು ಹಾದು ನ್ಯೂಟ್ರಲ್‌ಗೆ ಬರುತ್ತದೆ, ಮುಂದೆ ದಾರಿಯಿಲ್ಲದೆ ನಿಲ್ಲುತ್ತದೆ. ಈಗ ಅದಕ್ಕೆ ಉಳಿದಿರುವ ದಾರಿ ಆ ತುಂಡು ತಂತಿ. ಅಲ್ಲಿಂದ ಅರ್ತಿನ ಪಿನ್ನು, ಅಲ್ಲಿಂದ ಕೇಬಲ್ಲು, ಅಲ್ಲಿಂದ ಕಾರಿನ ಇಡೀ ಮೈ. ದೀಪ ಆರಿತಲ್ಲ, ಕರೆಂಟು ಹೋಯಿತು ಎಂದುಕೊಂಡು ಯಾರೋ ಗನ್ನು ತೆಗೆಯಲು ಬರುತ್ತಾರೆ. ಪೆಟ್ಟಿಗೆಯೊಳಗೆ ಸೋರಿಕೆಯನ್ನು ಕಾಯುವ ಕಾವಲು ಇರುವುದು ದಿಟ, ಆದರೆ ಅದು ನೋಡುವುದು ಫೇಸು ನ್ಯೂಟ್ರಲ್‌ಗಳ ಜಮಾಖರ್ಚನ್ನು. ಈ ಆಪತ್ತು ಬರುವುದು ಅರ್ತಿನ ಬಾಗಿಲಿನಿಂದ. ಪ್ರಾಣ ಕಾಪಾಡಲೆಂದು ಇಟ್ಟ ತಂತಿಯೇ ಪ್ರಾಣ ತೆಗೆಯುವ ತಂತಿಯಾಗುತ್ತದೆ. ಕೆಂಪು ದೀಪ ಬರೀ ಕಿರಿಕಿರಿ ಎಂದು ತಿಳಿದವರೆಲ್ಲ ಇದನ್ನೊಮ್ಮೆ ಕಾಗದದ ಮೇಲೆ ಗೆರೆ ಎಳೆದು ನೋಡಬೇಕು.

ಇದನ್ನು ಕಾಗದವಿಲ್ಲದೆಯೇ ಬಲ್ಲವರು ಊರಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಮೋಟರಿಗೆ ವೈಂಡಿಂಗ್ ಮಾಡುವವರು. 2004ರಲ್ಲಿ ಆಂಧ್ರದಲ್ಲಿ ರೈತರ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ತು ಬಂದಾಗಿನಿಂದ ಇವರ ಅಂಗಡಿಯ ಮುಂದೆ ಸುಟ್ಟ ಮೋಟರುಗಳ ಸಾಲು ಕರಗಿದ್ದಿಲ್ಲ. ಮಳೆಯಲ್ಲಿ ನೆನೆದ ಸ್ಟಾರ್ಟರ್ ಡಬ್ಬವನ್ನು ಮುಟ್ಟಿದ ರೈತನ ಗತಿ ಏನಾಗುತ್ತದೆಂದು ಇವರು ಪುಸ್ತಕದಲ್ಲಿ ಓದಿದವರಲ್ಲ. ತಂದೆ ಕರೆಕಳಿಸಿದ್ದರಿಂದ ಅವರು ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಾರೆ. ಕಾರಿನತ್ತ ಕಣ್ಣೂ ಹಾಯಿಸುವುದಿಲ್ಲ.

"ಅರ್ತ್ ಎಲ್ಲಿ ಹಾಕಿದಾರೆ ಈ ಮನೆಗೆ?"

"ಗೊತ್ತಿಲ್ಲ ಮಾಮಾ. ಕಾರು ನೋಡಲ್ವಾ?"

"ಕಾರು ಸರಿಯಾಗೇ ಐತಲ್ಲಪ್ಪಾ. ಅದಕ್ಕೇ ಬ್ಯಾಡ ಅಂತೈತೆ."

ಅವರ ಉಪಕರಣ ಒಂದು ಹೋಲ್ಡರು, ಅದಕ್ಕೆ 100 ವ್ಯಾಟಿನ ಹಳೆಯ ಗಾಜಿನ ಬಲ್ಬು, ಎರಡು ತುಂಡು ತಂತಿ. ಬೆರಳಿನಷ್ಟು ದಪ್ಪದ ಟೆಸ್ಟರಿನ ದೀಪ ಸೋರಿದ ಕರೆಂಟಿಗೂ ಹೊತ್ತಿಕೊಳ್ಳುತ್ತದೆ, ಸುಳ್ಳು ಹೇಳುತ್ತದೆ. ಬಲ್ಬು ಉರಿಯಬೇಕಾದರೆ ಅರ್ಧ ಆಂಪಿಯರಿನಷ್ಟು ನಿಜವಾಗಿ ಹರಿಯಬೇಕು. ಮೊದಲು ಫೇಸು ಮತ್ತು ನ್ಯೂಟ್ರಲ್‌ಗೆ ಹಿಡಿಯುತ್ತಾರೆ: ಪೂರಾ ಬೆಳಕು. ಅನಂತರ ಮನೆಯವರನ್ನೆಲ್ಲ ಕೂಗಿ, ಫ್ರಿಜ್ಜು, ಮೋಟರು, ಗ್ರೈಂಡರು, ಕಾರು ಯಾವುದನ್ನೂ ಯಾರೂ ಮುಟ್ಟಬಾರದೆಂದು ಎರಡು ಭಾಷೆಗಳಲ್ಲಿ ಎಚ್ಚರಿಸುತ್ತಾರೆ. ಅರ್ತು ಕಡಿದಿದ್ದರೆ ಈ ಪರೀಕ್ಷೆಯ ಹೊತ್ತಿನಲ್ಲಿ ಬಲ್ಬಿನ ಮೂಲಕ ಬಂದ ಕರೆಂಟು ಆ ಎಲ್ಲ ಮೈಗಳ ಮೇಲೂ ಕುಳಿತಿರುತ್ತದೆ. ಇದನ್ನು ಮರೆತು ಪರೀಕ್ಷೆ ಮಾಡುವವರೇ ಹೆಚ್ಚು. ಅರಿಯದವರು ಮಾಡಬಾರದ ಕೆಲಸವಿದು. ಈಗ ಫೇಸಿಗೂ ಅರ್ತಿಗೂ ಬಲ್ಬು ಹಿಡಿಯುತ್ತಾರೆ. ಒಳಗಿನ ತಂತಿ ಕೆಂಡದ ಎಳೆಯಂತೆ ಕೆಂಪಗಾಗುತ್ತದೆ, ಅಷ್ಟೆ.

"ಅರ್ತ್ ಐತೆ. ಸತ್ತಿಲ್ಲ. ಬಾಯಾರೈತೆ."

ಎಂದರೆ ಎಲ್ಲಿಯೋ ಪೈಪಿದೆ, ತಂತಿಯೂ ಕಡಿದಿಲ್ಲ, ಮಣ್ಣು ಒಣಗಿದೆ. ಎಲ್ಲಿ? ಮನೆಗೆ ಮೊದಲ ಬಾರಿ ಕರೆಂಟು ಬಂದಾಗ ಹಾಕಿಸಿದ್ದು. ಹಾಕಿಸಿದ ತಾತ ಈಗಿಲ್ಲ. ಮೀಟರ್ ಬೋರ್ಡಿನಿಂದ ಇಳಿದ ತಂತಿ ಸಿಮೆಂಟಿನ ಗಾರೆಯೊಳಗೆ ಮಾಯವಾಗಿದೆ. ಮನೆಯ ಸುತ್ತ ಅಂಗಳವೆಲ್ಲ ಈಗ ಕಾಂಕ್ರೀಟು. ಫೋನಿನ ಆ್ಯಪು ಬಲ್ಲ ಮಗನಿಗೂ, ಮೋಟರು ಬಲ್ಲ ಮಾಮನಿಗೂ ತಿಳಿಯದ ಈ ಒಂದು ಸಂಗತಿಯನ್ನು ಅಡುಗೆಮನೆಯ ಬಾಗಿಲಲ್ಲಿ ಕುಳಿತ ಅಜ್ಜಿ ಬಲ್ಲಳು. "ಬಚ್ಚಲ ನೀರು ಹೋಗ್ತಿದ್ದ ಕಡೆ. ಬಾಳೆಗಿಡದ ಬುಡದಾಗೆ. ಅಲ್ಲಿ ಇದ್ದಲು ಹಾಕಿದ್ರು, ಎರಡು ಸೇರು ಉಪ್ಪು ನಾನೇ ಕೊಟ್ಟಿದ್ದೆ."

ಈಗ ಅಲ್ಲಿ ಬಾಳೆಯಿಲ್ಲ. ಕೆಲವು ವರ್ಷಗಳ ಹಿಂದೆ ಹೊಸ ಬಚ್ಚಲು ಕಟ್ಟಿಸಿ, ಅದರ ನೀರನ್ನು ಪೈಪಿನಲ್ಲಿ ಬೀದಿಯ ಚರಂಡಿಗೆ ತಿರುಗಿಸಿದ್ದಾರೆ. ಬಾಳೆ ಒಂದು ಬೇಸಿಗೆಯಲ್ಲಿ ಒಣಗಿತು. ಅದರೊಡನೆ ನೆಲದೊಳಗೆ ಇನ್ನೊಂದು ಒಣಗಿತೆಂಬುದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಮಿಕ್ಸಿ ತಿರುಗುತ್ತಲೇ ಇತ್ತು. ಮನೆಯ ಫ್ರಿಜ್ಜು, ಗ್ರೈಂಡರು, ನೀರು ಕಾಯಿಸುವ ಗೀಜರು, ಎಲ್ಲವೂ ಇಷ್ಟು ವರ್ಷ ಅರ್ತಿಲ್ಲದೆಯೇ ನಡೆದಿವೆ. ಕೇಳಿದ್ದು ಕಾರೊಂದೇ.

ಗೋಡೆಯ ಬುಡದ ಕಾಂಕ್ರೀಟಿನಂಚನ್ನು ಉಳಿಯಿಂದ ಬಿಡಿಸಿ, ಒಂದು ಮೊಳ ಬಗೆದರೆ ತುಕ್ಕು ಹಿಡಿದ ಪೈಪಿನ ಬಾಯಿ ಸಿಗುತ್ತದೆ. ಉಪ್ಪು ನೀರನ್ನು ಹಿಡಿದಿಡುವುದೂ ದಿಟ, ಕಬ್ಬಿಣವನ್ನು ತಿನ್ನುವುದೂ ದಿಟ. ತಂತಿ ಬಿಗಿದ ಕ್ಲಾಂಪನ್ನು ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಹೊಸ ಬೋಲ್ಟು ಹಾಕಿ ಕಟ್ಟುತ್ತಾರೆ. ಆಮೇಲೆ ನೀರು. ಮೊದಲ ಕೊಡವನ್ನು ನೆಲ ಸದ್ದು ಮಾಡಿ ಕುಡಿಯುತ್ತದೆ. ಎರಡು, ಮೂರು, ನಾಲ್ಕು. ಟ್ಯಾಂಕರಿನ ದಿನಗಳನ್ನು ಕಂಡ ಅಜ್ಜಿಗೆ ಇದನ್ನು ನೋಡುವುದು ಸುಲಭವಲ್ಲ. "ಎಣ್ಣೆ ಬ್ಯಾಡ ಅಂತ ತಂದೆ. ಈಗ ನೀರು ಕುಡಿಸ್ತಾ ಇದೀಯ. ಏಳನೆಯದು ಕೊಡಲ್ಲ, ಆರಕ್ಕೆ ಮುಗಿಸು."

ಆರನೆಯ ಕೊಡದ ಬಳಿಕ ಅರ್ಧ ಗಂಟೆ ಕಾದು ಮತ್ತೆ ಬಲ್ಬು ಹಿಡಿದರೆ, ಫೇಸು-ನ್ಯೂಟ್ರಲ್ ಬೆಳಕಿಗಿಂತ ತುಸು ಮಂಕು, ಆದರೆ ಬೆಳಕೇ. ಇದು ಪಕ್ಕಾ ಕೆಲಸವಲ್ಲವೆಂದು ಮಾಮ ಆಗಲೇ ಹೇಳಿಬಿಡುತ್ತಾರೆ. ಹೊಸ ಪೈಪನ್ನಿಳಿಸಿ, ಮೀಟರು ಹಚ್ಚಿ ಅಳೆದು, ನೆಲದ ತಡೆ ಐದು ಓಮಿನೊಳಗೆ ಬರುವಂತೆ ಮಾಡಬೇಕು, ಬಂಡೆ ಅಡ್ಡ ಬಂದರೆ ಎರಡು ಗುಂಡಿ ತೋಡಿ ಕೂಡಿಸಬೇಕು, ಮನೆಗೊಂದು ಸೋರಿಕೆ ಕಾಯುವ ಸ್ವಿಚ್ಚು ಹಾಕಿಸಬೇಕು. ಸಾಕೆಟ್ಟನ್ನೂ ಬಿಡುವುದಿಲ್ಲ. ಒಳಗಿನ ಹಿತ್ತಾಳೆಯ ಹಿಡಿ ಸಡಿಲವಾಗಿದೆ. ಐದು ನಿಮಿಷ ತಿರುಗುವ ಮಿಕ್ಸಿಗೆ ಸಾಕಾದದ್ದು ಹತ್ತು ಗಂಟೆ ಒಂದೇ ಸಮನೆ 10 ಆಂಪಿಯರ್ ಎಳೆಯುವ ಕಾರಿಗೆ ಸಾಲದು, ಬಿಸಿಯೇರಿ ಪ್ಲಾಸ್ಟಿಕ್ಕು ಕರಗುತ್ತದೆ. ಚೀಲದಿಂದ ಹೊಸದೊಂದನ್ನು ತೆಗೆದು ಕೂಡಿಸುತ್ತಾರೆ. ಸ್ಕ್ರೂಡ್ರೈವರ್ ಹಿಡಿದು ಇನ್ನೂ ನಿಂತೇ ಇರುವ ಮಗನ ಕೈಯಿಂದ ಅದನ್ನು ಇಸಿದುಕೊಂಡು ಈ ಕೆಲಸಕ್ಕೇ ಬಳಸುತ್ತಾರೆ. ಮೊಬೈಲ್ ಹುಡುಗನಿಗೆ ಬೈಗುಳವೇನೂ ಇಲ್ಲ. ತುಂಡು ತಂತಿಯ ಮಾತನ್ನು ಕೇಳಿ, ಒಬ್ಬ ರೈತನ ಹೆಸರು ಹೇಳಿ, "ಆವಯ್ಯನ ಮನೇಲೂ ಇದನ್ನೇ ಮಾಡಿದ್ರು" ಎನ್ನುತ್ತಾರೆ. ಹುಡುಗನಿಗೆ ಆ ಹೆಸರು ಗೊತ್ತು. ಮುಂದೆ ಯಾರೂ ಮಾತನಾಡುವುದಿಲ್ಲ.

ಒಂಬತ್ತು ಗಂಟೆಗೆ ಕೇಬಲ್ಲು ಹಾಕಿದಾಗ ಪೆಟ್ಟಿಗೆ ಒಂದು ಕ್ಷಣ ಯೋಚಿಸುತ್ತದೆ. ಆಮೇಲೆ ಹಸಿರು. ಆಮೇಲೆ 'ಟಕ್'.

ಇಲ್ಲಿಗೆ ಎಲ್ಲವೂ ಮುಗಿಯಿತೆಂದಲ್ಲ. ಊರೆಲ್ಲ ದೀಪ, ಟಿವಿ, ಫ್ಯಾನು ಹಾಕಿಕೊಂಡಿರುವ ಆ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಗಳಿಗೆ 230ರ ಬದಲು 190 ವೋಲ್ಟ್ ಬಂದರೆ ಹೆಚ್ಚು. ಇನ್ನೂ ಇಳಿದರೆ ಹಲವು ಚಾರ್ಜರುಗಳು ಕೈಚೆಲ್ಲುತ್ತವೆ. ಹನ್ನೊಂದಕ್ಕೆ ಕರೆಂಟು ಹೋಗಿ ಹನ್ನೆರಡಕ್ಕೆ ಬರುತ್ತದೆ. ಬಂದ ಮೇಲೆ ಪೆಟ್ಟಿಗೆ ತಾನಾಗಿಯೇ ಮೊದಲಿನಿಂದ ಎಲ್ಲ ಪ್ರಶ್ನೆಗಳನ್ನೂ ಮತ್ತೆ ಕೇಳಿ, ಉತ್ತರ ಪಡೆದು, ಕೆಲಸ ಮುಂದುವರಿಸುತ್ತದೆ. 10 ಆಂಪಿಯರ್ ಎಂದರೆ ಗಂಟೆಗೆ ಎರಡು ಯೂನಿಟ್ಟಿನ ಆಸುಪಾಸು. ಅದರಲ್ಲಿಯೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ನಸುಕಿನ ಐದೂವರೆಗೆ ಮಗ ಎದ್ದು ನೋಡಿದರೆ ಶೇಕಡಾ 68. ಬೆಂಗಳೂರಿಗೆ ಸಾಲದು, ಆದರೆ ಹೆದ್ದಾರಿಯ ವೇಗದ ಚಾರ್ಜರಿಗೆ ಧಾರಾಳ. ಸಂಜೆಯ ತನಕ ಬಿಟ್ಟರೆ ತುಂಬಿಯೇ ಹೋಗುತ್ತಿತ್ತು. ತಂದೆಗೆ ತಡೆಯದು, ಆಗಲೇ ಮಿಂದು ಬಿಳಿಯ ಪಂಚೆಯುಟ್ಟು ಕುಳಿತಿದ್ದಾರೆ.

ಮಗ ಗನ್ನು ತೆಗೆಯುವ ಮೊದಲು ಬಾಗಿಲ ಲೋಹಕ್ಕೆ ಬೆರಳ ಹಿಂಬದಿಯನ್ನು ತಾಗಿಸಿ ನೋಡುತ್ತಾನೆ, ಮಾಮ ಹೇಳಿಕೊಟ್ಟದ್ದು. ಅಂಗೈಯಿಂದ ಮುಟ್ಟಿದರೆ, ಕರೆಂಟಿದ್ದರೆ, ಬೆರಳುಗಳು ಮುಷ್ಟಿಗಟ್ಟಿ ಹಿಡಿದುಕೊಂಡುಬಿಡುತ್ತವೆ. ಹಿಂಬದಿಯಾದರೆ ಕೈ ತಾನೇ ಹಿಂದಕ್ಕೆ ಸರಿಯುತ್ತದೆ. ಜುಮ್ಮೆನ್ನಲಿಲ್ಲ. ಹಿತ್ತಿಲಿನಲ್ಲಿ ಅಜ್ಜಿ ಬಚ್ಚಲಿನ ಹೊಸ ಪೈಪಿನ ಕೀಲನ್ನು ಕಲ್ಲಿನಿಂದ ತಟ್ಟಿ ಬಿಡಿಸಿ, ಅದರ ಮೂತಿಯನ್ನು ಹಳೆಯ ಬಾಳೆಯ ಮಡಿಯತ್ತ ತಿರುಗಿಸುತ್ತಿದ್ದಾಳೆ.